ತೆರಿಗೆ ಸೇರಿ

ಪಿಯಾನೊ ರಿಪೇರಿಯವನನ್ನು ತೆರಿಗೆ ಕಚೇರಿಗೆ ಯಾರೂ ಕರೆದಿರಲಿಲ್ಲ. ತಾನಾಗಿಯೇ ಹೋದ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಒಂದು ಸಂಗೀತ ಶಾಲೆಯವರು, ಹದಿನಾಲ್ಕು ಪಿಯಾನೊಗಳ ಕೆಲಸವಿದೆ, ನಿಮ್ಮ ಮಾರಾಟ ತೆರಿಗೆಯ ನಂಬರು ಕೊಡಿ ಎಂದಿದ್ದರು. ಅಂಥ ನಂಬರು ಅವನ ಹತ್ತಿರ ಇರಲೇ ಇಲ್ಲ. ಅದಕ್ಕೇನಂತೆ, ಕೇಳಿದರೆ ಕೊಡುತ್ತಾರೆ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂಬತ್ತು ವರ್ಷದ ಬಿಲ್ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ತನ್ನ ಲೆಕ್ಕ ಎಷ್ಟು ಚೊಕ್ಕ ಎಂದು ತೋರಿಸುವ ಆಸೆ ಬೇರೆ.

ಅಧಿಕಾರಿ ಹೆಂಗಸು ಕನ್ನಡಕ ಏರಿಸಿ ನಾಲ್ಕು ಹಾಳೆ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು. ಪ್ರತಿ ಬಿಲ್ಲಿನ ಕೆಳಗೂ ಅವನ ದುಂಡನೆಯ ಅಕ್ಷರದಲ್ಲಿ ‘ತೆರಿಗೆ ಸೇರಿ’ ಎಂದಿತ್ತು.

“ಇದನ್ನ ಯಾಕೆ ಬರ್ದಿದ್ದೀರಿ?”

“ಅದು ನಮ್ಮ ಕಸುಬಲ್ಲಿ ಬರೆಯೋ ಮಾತು ಮೇಡಂ. ಇದರ ಮೇಲೆ ಇನ್ನೇನೂ ಕೊಡೋದು ಬೇಡ ಅಂತ. ಒಂದು ಮರ್ಯಾದೆಗೆ.”

“ಮರ್ಯಾದೆಗಾ?” ಆಕೆ ನಗಲಿಲ್ಲ. “ಶ್ರುತಿ ಮಾಡೋದು ಕೈಕೆಲಸ ಕಣ್ರೀ. ಅದಕ್ಕೆ ಈಗ ತೆರಿಗೆನೇ ಇಲ್ಲ. ತಂತಿ ಗಿಂತಿ ಮಾರಿದ್ರೆ ಅದಕ್ಕೆ ಮಾತ್ರ. ಈ ಎರಡು ಪದ ಬರೀದೇ ಇದ್ದಿದ್ರೆ ನೀವು ಕೊಡಬೇಕಾದದ್ದು ಚಿಲ್ಲರೆ ಕಾಸು. ಬರೆದ ಮೇಲೆ, ಒಂದೊಂದು ಬಿಲ್ಲಲ್ಲೂ ಸರ್ಕಾರದ ಹೆಸರು ಹೇಳಿ ಜನರ ಹತ್ರ ದುಡ್ಡು ಇಸ್ಕೊಂಡ ಹಾಗಾಯ್ತು. ಇಸ್ಕೊಂಡು ಜೇಬಿಗೆ ಇಳಿಸಿದ್ರಿ. ಇದಕ್ಕೆ ಬಾಕಿ ಅನ್ನಲ್ಲ, ಕಳ್ಳತನ ಅಂತಾರೆ.”

ಕಳ್ಳತನ! ಮೂವತ್ತು ಮನೆಗಳ ಬೀಗದ ಕೈ ಅವನ ಗೊಂಚಲಿನಲ್ಲಿತ್ತು. ಮನೆಯವರು ಕೆಲಸಕ್ಕೆ ಹೋದಾಗ ಒಳಹೊಕ್ಕು, ಶ್ರುತಿ ಮಾಡಿ, ಬೀಗ ಹಾಕಿ ಬರುವವನು ಅವನು. ಪಿಯಾನೊದ ಹೊಟ್ಟೆಯಲ್ಲಿ ಸಿಕ್ಕ ಕಿವಿಯೋಲೆ, ನಾಣ್ಯಗಳನ್ನೆಲ್ಲ ಒರೆಸಿ ಮುಚ್ಚಳದ ಮೇಲಿಟ್ಟು ಬರುತ್ತಿದ್ದ. ಇನ್ನು ಯಾರು ಬಾಗಿಲು ತೆರೆದಾರು?

ಅವನ ಮುಖ ಬಿಳಿಚಿದ್ದು ನೋಡಿ ಆಕೆಗೆ ಏನನ್ನಿಸಿತೋ. “ನಿಮಗೆ ಕೆಲಸ ಕಲಿಸಿದವರು ಇದ್ದಾರಾ? ಇದು ಬರೀ ರೂಢಿ, ಮೋಸ ಅಲ್ಲ ಅಂತ ಅವರು ಬರೆದುಕೊಟ್ರೆ ಕೇಸು ಹಾಕಲ್ಲ. ಆ ದುಡ್ಡು ಕಟ್ಟಿದ್ರೆ ಸಾಕು. ಶುಕ್ರವಾರದ ಒಳಗೆ ತನ್ನಿ.”

ಕಲಿಸಿದವರು ಬೇರೆ ಯಾರೂ ಅಲ್ಲ, ಹೆಂಡತಿಯ ಅಪ್ಪ. ಒಂಬತ್ತು ವರ್ಷದ ಹಿಂದೆ ಕಿವಿ ಕೈಕೊಟ್ಟಾಗ ಮಾವ ಸುತ್ತಿಗೆ, ಶ್ರುತಿ ಮಾಡುವ ಕೀಲಿ, ಬಿಲ್ ಪುಸ್ತಕ ಎಲ್ಲವನ್ನೂ ಒಂದೇ ಬೆಳಿಗ್ಗೆ ಅಳಿಯನ ಕೈಗೆ ಹಾಕಿದ್ದರು. ಹಳೇ ಬಿಲ್ಲಿನಲ್ಲಿ ಇದ್ದದ್ದನ್ನು ಅಳಿಯ ಕಣ್ಣುಮುಚ್ಚಿ ನಕಲು ಹೊಡೆದಿದ್ದ.

ಈಗ ಮಾವನಿಗೆ ಗುಡುಗೂ ಕೇಳುವುದಿಲ್ಲ. ಅವರ ಮನೆಯೋ ಕೆಳ ಅಂತಸ್ತಿನಲ್ಲಿ, ಕಿಟಕಿ ಇಕ್ಕಟ್ಟು ಬೀದಿಗೆ. ಗುಟ್ಟು ಹೇಳಲು ಅಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ! ಅಳಿಯ ಮೊದಲು ಮೆಲ್ಲಗೆ ಹೇಳಿದ. ಮಾವ ಕಿವಿಗೆ ಕೈ ಕೊಟ್ಟರು. ಕೊನೆಗೆ ಅರಚಿಯೇ ಬಿಟ್ಟ.

“ತೆರಿಗೆ ಸೇರಿ ಅಂತ ಬರೀತಿದ್ವಲ್ಲ ಮಾವ, ಅದು ಸುಮ್ಮನೆ ರೂಢಿ ಅಂತ ಬರೆದುಕೊಡಿ!”

“ಸುಮ್ಮನೆ ಯಾಕೋ ಆಗುತ್ತೆ?” ಮಾವನ ದನಿ ಅವನದಕ್ಕಿಂತ ದೊಡ್ಡದು. “ಆಗ ಶ್ರುತಿಗೂ ತೆರಿಗೆ ಇತ್ತು. ಮೂರು ತಿಂಗಳಿಗೊಂದು ಸಲ ಸಾಲಲ್ಲಿ ನಿಂತು ಕಟ್ಟಿ ಬರ್ತಿದ್ದೆ. ನೀನು ಕಟ್ಟಿಲ್ವಾ?”

ಅಳಿಯ ಇಲ್ಲವೆಂದು ತಲೆ ಅಲ್ಲಾಡಿಸಿದ.

“ಒಂದು ಸಲಾನೂ?”

ಮಾವ ಕುರ್ಚಿಯಲ್ಲಿ ಕೂತು ಅಳಿಯನನ್ನೇ ನೋಡಿದರು. ಅವರ ಕಣ್ಣಿನಲ್ಲಿ ಕಂಡದ್ದನ್ನು ಅವನು ತಡೆಯಲಾರದೆ ಹೋದ. ಅಧಿಕಾರಿಯ ಬಾಯಲ್ಲಿ ಕಳ್ಳ ಎನ್ನಿಸಿಕೊಂಡಾಗಲೂ ಇಷ್ಟು ಉರಿದಿರಲಿಲ್ಲ. ಮಾವ ಕಾಗದ ಎಳೆದುಕೊಂಡು, ಬರೆದು ಮುಂದೆ ತಳ್ಳಿದರು: ‘ಈತ ನನ್ನ ಅಳಿಯ. ಬರೆಯುವುದನ್ನು ಕಲಿಸಿದವನು ನಾನು, ಕಟ್ಟುವುದನ್ನು ಕಲಿಸಲಿಲ್ಲ. ಕಳ್ಳ ಎನ್ನುವುದಿದ್ದರೆ ನನ್ನನ್ನು ಎನ್ನಿ.’

ನಲವತ್ತು ವರ್ಷ ಸಾಲಿನಲ್ಲಿ ನಿಂತ ಮನುಷ್ಯ! ಕೇಸು ತಪ್ಪಿಸುವ ಕಾಗದ ಕೈಯಲ್ಲೇ ಇತ್ತು, ಮಡಚಿ ಜೇಬಿಗೆ ಹಾಕಿಕೊಂಡರೆ ಆಯಿತು. ಅವನು ಪೆನ್ನು ತೆಗೆದು ಕೊನೆಯ ಸಾಲಿಗೆ ಅಡ್ಡ ಗೀಟು ಎಳೆದ.

“ತಪ್ಪು ನಿಮ್ಮದಲ್ಲ ಮಾವ,” ಎಂದ.

“ಏನಂದೆ?”

“ತಪ್ಪು ನಂದು ಮಾವಾ!” ಕಿಟಕಿ ಗಾಜು ಅದುರುವ ಹಾಗೆ ಕೂಗಿದ. “ಕೇಳೋದೇ ನನ್ನ ಕಸುಬು. ಇದೊಂದನ್ನ ಕೇಳಲಿಲ್ಲ! ಒಂಬತ್ತು ವರ್ಷ ತೆರಿಗೆ ಅಂತ ಇಸ್ಕೊಂಡೆ, ಕಟ್ಟಲಿಲ್ಲ!”

ಎದುರು ಮನೆಯ ಕಿಟಕಿ ತೆರೆಯಿತು. ವರ್ಷಕ್ಕೆರಡು ಸಲ ಅವನ ಕೈಯಲ್ಲೇ ಶ್ರುತಿ ಮಾಡಿಸುವ ಪಿಯಾನೊ ಪಾಠದ ಟೀಚರು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. ಅವಳ ಮನೆಯ ಬೀಗದ ಕೈಯೂ ಅವನ ಗೊಂಚಲಿನಲ್ಲೇ ಇತ್ತು.

“ಏನಪ್ಪಾ, ನಮ್ಮನೆ ಬಿಲ್ಲೂ ಹಾಗೇನಾ?”

ಅವನು ಕಿಟಕಿಯ ಹತ್ತಿರ ಬಂದು ನಿಂತ.

“ಹೌದಮ್ಮಾ,” ಎಂದ, “ನಿಮ್ಮನೆದೂ ಹಾಗೇ.”