ದುರ್ಗಿ ಹೇಳಿದ ಬೆಲೆ

"ಬಾಯಾಗ ಏನ್ ಕಡಬು ತುರುಕ್ಕೊಂಡೀಯೇನು? ಆಗಿಂದ ಕೇಳಾಕತ್ತೀನಿ, ಈ ಚಾಪಿ ಎಷ್ಟು? ಹೇಳಬೇ!"

ಹುಬ್ಬಳ್ಳಿಯ ಸಾಹುಕಾರ ಮೂರನೇ ಸಲ ಕೂಗಿದ. ದುರ್ಗಿ ಗೋಳಿಮರದ ಬುಡದ ಕಲ್ಲಿನಾಚೆ ತಲೆ ತಗ್ಗಿಸಿ ನಿಂತಿದ್ದಳು. ಅವಳು ನೇಯ್ದ ಚಾಪೆ ಕಲ್ಲಿನ ಈಚೆ, ಸಾಹುಕಾರನ ಕಾಲ ಹತ್ತಿರ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅವಳ ಪಕ್ಕದಲ್ಲಿ ನನ್ನೆರಡು ಬುಟ್ಟಿ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದೆ.

"ನೀವು ಕೈಯೆತ್ತಿ ಕೊಟ್ಟದ್ದು ಒಡ್ಯಾ," ಅಂದಳು ದುರ್ಗಿ.

"ಕೈ ಎತ್ತಿದ್ರ ಹೊಡೀತೀನಿ ನೋಡು! ಬೆಲಿ ಕೇಳಿದ್ರ ಪುರಾಣ ಹೇಳ್ತಾಳ."

ಅವನ ತಪ್ಪೂ ಅಲ್ಲ. ಪರಊರಿನವನು, ಅವನಿಗೇನು ಗೊತ್ತು? ಲಡಾಯಿ ಕಾಲ ಅದು, ಪೆಟ್ರೋಲಿಗೆ ಬರ. ಕುಮಟೆಯಿಂದ ಬರುವ ಇದ್ದಿಲಿನ ಬಸ್ಸು ಹೊಗೆ ಕಾರುತ್ತ ಹೊನ್ನಾವರದ ಕಡವಿನಲ್ಲಿ ನಿಲ್ಲುತ್ತಿತ್ತು. ಇಡಗುಂಜಿಗೆ, ಭಟ್ಕಳಕ್ಕೆ ಹೋಗುವವರು ಅಲ್ಲಿಳಿದು ಶರಾವತಿಯನ್ನು ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಮತ್ತೊಂದು ಬಸ್ಸು ಹತ್ತಬೇಕು. ದೋಣಿ ಬರುವ ತನಕ ಜನ ಕಾಯುತ್ತಾರೆ. ಕಾಯುವವರಿಗೆ ಚಾಪೆ, ಬುಟ್ಟಿ ಮಾರಲು ನಮ್ಮ ಕೇರಿಯ ಹೆಂಗಸರು ಬರುತ್ತಿದ್ದೆವು. ಮಾರಲು ಅಂದೆ ನೋಡಿ, ಅದೇ ಸುಳ್ಳು. ನಾವು ಸಾಮಾನನ್ನು ಕಲ್ಲಿನ ಈಚೆ ಇಟ್ಟು ಕಲ್ಲು ದಾಟಿ ಹಿಂದೆ ಹೋಗಿ ನಿಲ್ಲಬೇಕು. ಬೇಕಾದವರು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಾರೆ, ಮನಸ್ಸಿಗೆ ಬಂದಷ್ಟು ನೆಲಕ್ಕೆ ಹಾಕುತ್ತಾರೆ. ಅವರು ಅತ್ತ ಹೋದ ಮೇಲೆ ನಾವು ಹೋಗಿ ಮಣ್ಣಿನಿಂದ ಆರಿಸಿಕೊಳ್ಳಬೇಕು. ಬೆಲೆ ಎನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ಊರವರು ದೊಡ್ಡ ಚಾಪೆಗೆ ಎರಡಾಣೆ ಹಾಕುತ್ತಿದ್ದರು. ನನ್ನ ಅಜ್ಜಿಗೂ ಅಷ್ಟೇ ಹಾಕಿದ್ದರು. ಅಕ್ಕಿ ಬೆಲೆ ಮುಗಿಲು ಮುಟ್ಟಿದರೂ ಚಾಪೆ ಬೆಲೆ ಮಾತ್ರ ಅಜ್ಜಿಯ ಮಗ್ಗುಲಲ್ಲೇ ಕೂತಿತ್ತು.

ಸಾಹುಕಾರ ಹೆಂಡತಿಯ ಕಡೆ ತಿರುಗಿದ. ಆಕೆ ತನ್ನ ಗಂಟಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. "ನೋಡಿದೇನು? ಬೆಲಿ ಹೇಳದ ಇದ್ರ ಜಾಸ್ತಿ ಕೊಡ್ತಾರಂತ ಇವರ ಹಂಚಿಕಿ." ಮತ್ತೆ ಈ ಕಡೆ ತಿರುಗಿದ. "ಏ ತಂಗಿ, ಕೇಳಿಲ್ಲಿ. ನೀ ಒಂದು ಹೇಳಬೇಕು, ನಾ ಅದರಾಗ ಅರ್ಧ ಕೇಳಬೇಕು. ನೀ ಅಯ್ಯೋ ಅನ್ನಬೇಕು. ಆಮ್ಯಾಲ ನಡುವ ಎಲ್ಲೋ ಕೂಡಬೇಕು. ಅದಕ್ಕ ವ್ಯಾಪಾರ ಅಂತಾರ. ನಾ ಒಗದದ್ದು ನೀ ಆರಿಸ್ಕೊಂಡ್ರ ಅದು ಭಿಕ್ಷಾ ಆತು. ನೀ ಭಿಕ್ಷಾ ಬೇಡಾಕ ಬಂದೀಯೋ, ಚಾಪಿ ಮಾರಾಕ ಬಂದೀಯೋ?"

ದುರ್ಗಿ ತಲೆ ಎತ್ತಿದಳು. ಬೆಲೆ ಹೇಳಿಬಿಡುತ್ತಾಳೆ ಎಂದು ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಅವಳ ಸೆರಗಿನ ತುದಿ ಹಿಡಿದೆಳೆದೆ. "ಬ್ಯಾಡ್ವೇ ಮಾರಾಯ್ತಿ, ಸುಮ್ನಿರು. ಎರಡಾಣೆ ಬಂದ್ರೆ ಎರಡಾಣೆ."

ಆ ಸೀರೆಯ ಕಥೆ ಹೇಳಬೇಕು. ದುರ್ಗಿಯ ಗುಡಿಸಲಿನಲ್ಲಿ ಇದ್ದದ್ದು ಅವಳು, ಅವಳ ಸೊಸೆ ತಿಮ್ಮಿ. ಮಗ ಮಾದೇವ ಘಟ್ಟದ ಮೇಲೆ ಮರ ಕಡಿಯಲು ಹೋದವನು ಎರಡು ಮಳೆಗಾಲ ಕಳೆದರೂ ಸುದ್ದಿಯಿಲ್ಲ. ಇಬ್ಬರು ಹೆಂಗಸರಿಗೆ ಇದ್ದದ್ದು ಒಂದೇ ಸೀರೆ. ತಿಮ್ಮಿಯದು ಹರಿದು ಹರಿದು ಕೈಬಟ್ಟೆಯಾಗಿತ್ತು. ದುರ್ಗಿ ಹೊರಗೆ ಹೋದರೆ ತಿಮ್ಮಿ ಗೋಣಿ ತುಂಡು ಹೊದ್ದು ಒಳಗೆ ತಟ್ಟಿ ಬಾಗಿಲು ಹಾಕಿಕೊಂಡು ಕೂರಬೇಕು. ನಾಲ್ಕು ತಿಂಗಳಿಂದ ಆ ಹುಡುಗಿ ಹಗಲು ಬಿಸಿಲು ನೋಡಿರಲಿಲ್ಲ, ಕೂಲಿಗೂ ಹೋಗಿರಲಿಲ್ಲ. ನನ್ನದು ಕೊಡೋಣವೆಂದರೆ ನನ್ನದೂ ಒಂದೇ. ರೇಷನ್ ಸೀರೆ ಬಂದಾಗಲೆಲ್ಲ ನಮ್ಮ ಕೇರಿಯ ಪಾಳಿ ಬರುವ ಹೊತ್ತಿಗೆ ಅಂಗಡಿ ಬರಿದಾಗುತ್ತಿತ್ತು. ಹಿಂಬಾಗಿಲಿಗೆ ಹೋದರೆ ಐದು ರೂಪಾಯಿ ಅನ್ನುತ್ತಿದ್ದರು. ಹಾಗಾಗಿ ಅತ್ತೆ ಸೊಸೆ ಸೇರಿ ತಿಂಗಳು ಪೂರ್ತಿ ಈ ಚಾಪೆಗೆ ಬಿದ್ದಿದ್ದರು. ಕೇದಗೆ ಎಲೆಯ ಮುಳ್ಳು ಸವರಿ, ಬೇಯಿಸಿ, ಒಣಗಿಸಿ, ದಾರದಷ್ಟು ಸಣ್ಣ ಸೀಳಿ ನೇಯ್ದದ್ದು. ಅಂಥ ಚಾಪೆ ನಾನಂತೂ ಕಂಡಿರಲಿಲ್ಲ.

"ಐದು ರೂಪಾಯಿ," ಅಂದಳು ದುರ್ಗಿ.

ಅವಳಿಗೆ ಚಾಪೆಯ ಬೆಲೆ ಗೊತ್ತಿರಲಿಲ್ಲ. ಸೀರೆಯ ಬೆಲೆ ಗೊತ್ತಿತ್ತು, ಅದನ್ನೇ ಹೇಳಿದಳು.

ಸಾಹುಕಾರ ಹೊಟ್ಟೆ ಕುಣಿಸಿ ನಕ್ಕ. ಬೈದ ಮನುಷ್ಯ ಅವನೇ ಹೌದೋ ಅಲ್ಲವೋ ಅನ್ನುವ ಹಾಗೆ ಮುಖ ಅರಳಿತು. "ಹಾಂ, ಹಿಂಗ ಬಾ ದಾರಿಗೆ! ಎರಡು ಕೊಡ್ತೀನಿ."

"ಐದು ರೂಪಾಯಿ ಒಡ್ಯಾ."

"ಎರಡೂವರಿ. ಚಾಪಿ ಐತೇ, ಜರತಾರಿ ಐತೇ?"

"ಐದು."

"ಅಲ್ಲಬೇ, ನೀನೂ ಸ್ವಲ್ಪ ಇಳೀಬೇಕು. ನಾನೊಬ್ಬನೇ ಏರಿದ್ರ ಹೆಂಗ? ಮೂರು. ಕಡೀ ಮಾತು."

ಇಳಿಯುವುದು ಅವಳಿಗೆ ಗೊತ್ತಿರಲಿಲ್ಲ. ನಾಲ್ಕು ರೂಪಾಯಿಗೆ ಯಾರು ಸೀರೆ ಕೊಡುತ್ತಾರೆ? "ಐದು," ಅಂದಳು.

ಸಾಹುಕಾರ ಪಂಚೆ ಕೊಡವಿ ದೋಣಿಯ ಕಡೆ ನಡೆದ. ನಡೆಯುವ ರೀತಿ ನೋಡಬೇಕಿತ್ತು. ಎರಡು ಹೆಜ್ಜೆ ಇಟ್ಟು ನಿಂತು ಚಪ್ಪಲಿ ಸರಿಮಾಡಿಕೊಂಡ, ಮತ್ತೆರಡು ಹೆಜ್ಜೆಗೆ ನಿಂತು ಆಕಾಶ ನೋಡಿದ. ಅವರ ಪೇಟೆಯಲ್ಲಿ ಹಾಗೆ ಹೊರಟವನನ್ನು ಮಾರುವವರು ಕೂಗಿ ಕರೆಯುತ್ತಾರಂತೆ. ನಮ್ಮಲ್ಲಿ ಹೊಳೆ ದಾಟಲು ಹೊರಟವರನ್ನು ಹಿಂದಿನಿಂದ ಕರೆಯುವಂತಿಲ್ಲ, ದೋಣಿಗೆ ಕೇಡು. ಅದರಲ್ಲೂ ನಾವು ಕರೆದು ದೋಣಿಗೆ ಏನಾದರೂ ಆದರೆ ನಮ್ಮ ಕೇರಿಗೆ ಬೆಂಕಿ ಬೀಳುತ್ತದೆ. ದುರ್ಗಿ ಕಣ್ಣಲ್ಲಿ ನೀರು ತುಂಬಿಕೊಂಡು ತುಟಿ ಕಚ್ಚಿ ನಿಂತಳು. ಮೂರು ರೂಪಾಯಿಯೂ ಹೋಯಿತಲ್ಲ ಎಂದು ನಾನು ಹಣೆ ಹಣೆ ಬಡಿದುಕೊಂಡೆ.

ದೋಣಿಯ ಹಲಗೆಗೆ ಒಂದು ಕಾಲಿಟ್ಟವನು ತಡೆಯಲಾರದೆ ತಿರುಗಿ ಬಂದ.

"ಕರೀಬೇಕಿಲ್ಲೇನು ನೀನು? ಹುಬ್ಬಳ್ಳಿ ಪ್ಯಾಟ್ಯಾಗ ಮೂವತ್ತು ವರ್ಷ ಕುಂತೀನಿ, ಇಂಥಾ ಗಟ್ಟಿಗಿತ್ತೀನ ನೋಡಿಲ್ಲ ಬಿಡು. ತಗೋ, ಸೋತೆ ನಾನು." ಒಳಜೇಬಿನಿಂದ ಐದರ ನೋಟು ತೆಗೆದ. ದುರ್ಗಿಯ ಕೈ ತಾನಾಗಿ ಸೆರಗು ಒಡ್ಡಿತು.

"ಸಾಹುಕಾರ್ರೇ, ನೋಟು ಒಳಗೆ ಇಡಿ."

ಕಡವಿನ ಗುತ್ತಿಗೆಯ ಕೃಷ್ಣಾನಂದಯ್ಯ ಬೆತ್ತ ಹಿಡಿದು ಬರುತ್ತಿದ್ದ. ದೋಣಿ ಅವನದು, ನಾವು ದುಡಿಯುವ ಗದ್ದೆ ಅವನದು, ನಮ್ಮ ಗುಡಿಸಲು ನಿಂತ ನೆಲವೂ ಅವನದು. ನಾನು ಹುಟ್ಟಿದಾಗಿನಿಂದ ಅವನ ಗದ್ದೆಯಲ್ಲಿ ಅವನು ಕೈಯೆತ್ತಿ ಕೊಟ್ಟದ್ದನ್ನೇ ತಿಂದಿದ್ದೇನೆ.

"ಎಂತದು? ಬೆಲೆ ಹೇಳ್ತಂತಲ್ಲ ಇದು?" ಅವನು ದುರ್ಗಿಯನ್ನು ನೋಡದೆ ಸಾಹುಕಾರನಿಗೆ ಹೇಳಿದ. "ಇವು ಬೆಲೆ ಹೇಳೋ ಜಾತಿ ಅಲ್ಲ ಮಾರಾಯ್ರೆ. ಎರಡಾಣೆ ಬಿಸಾಡಿ, ಚಾಪೆ ಎತ್ಕಂಡು ಹೋಗಿ. ಊರ ಪದ್ಧತಿ ಅದು. ನೀವು ಒಂದಿನ ಬಂದು ಹೋಗೋರು. ಇವತ್ತು ಚಾಪೆಗೆ ಬೆಲೆ ಹೇಳ್ತು ಅಂದ್ರೆ ನಾಳೆ ನನ್ನ ಗದ್ದೆಗೆ ಇಳಿಯೂಕೆ ಬೆಲೆ ಹೇಳ್ತದೆ. ಆಗ ನೀವು ಬಂದು ನಾಟಿ ಮಾಡ್ತ್ರಾ?"

ಸಾಹುಕಾರ ನೋಟು ನೋಡಿದ, ಚಾಪೆ ನೋಡಿದ, ದೋಣಿ ನೋಡಿದ. ದೋಣಿ ಕೃಷ್ಣಾನಂದಯ್ಯನದು.

"ನೀವು ಮಾತು ಕೊಟ್ರಿ ಒಡ್ಯಾ," ಅಂದಳು ದುರ್ಗಿ.

"ಹೌದು ತಂಗಿ. ಆದ್ರ ಪದ್ಧತಿ ಅಂದ್ರ ಪದ್ಧತಿ. ನಾವು ಪರಊರಿನ ಮಂದಿ, ನಡುವ ಬಾಯಿ ಹಾಕಬಾರದು." ನೋಟನ್ನು ನಾಲ್ಕು ಮಡಿಕೆ ಮಡಚಿ ಒಳಗಿಟ್ಟ. "ಇರಲಿ, ಎರಡಾಣೆ ಬ್ಯಾಡ, ನಾಕಾಣೆ ಕೊಡ್ತೀನಿ. ಧರ್ಮಕ್ಕ." ನಾಲ್ಕಾಣೆಯ ಬಿಲ್ಲೆ ಮಣ್ಣಿಗೆ ಬಿತ್ತು. ವ್ಯಾಪಾರ ಯಾವುದು, ಭಿಕ್ಷೆ ಯಾವುದು ಎಂದು ಈಗ ತಾನೇ ಪಾಠ ಹೇಳಿದ ಮನುಷ್ಯ ಅವನು. ಬೈದಾಗ ನನಗೆ ಅವನ ಮೇಲೆ ಸಿಟ್ಟು ಬಂದಿರಲಿಲ್ಲ, ಆಗ ಬಂತು.

ಅವನು ಚಾಪೆಗೆ ಬಗ್ಗಿದ. ದುರ್ಗಿ ಕಲ್ಲು ದಾಟಿದಳು.

"ಏಯ್! ಏಯ್!" ಎಂದು ಕಾಯುತ್ತಿದ್ದ ಜನ ಮೈಲಿಗೆಯ ಭಯಕ್ಕೆ ದಿಕ್ಕಾಪಾಲಾದರು. ಸಾಹುಕಾರನ ಹೆಂಡತಿ ಗಂಟು ಎತ್ತಿಕೊಂಡು ಓಡಿದಳು. ದುರ್ಗಿ ಚಾಪೆಯ ಮೇಲೆ ಕಾಲಿಟ್ಟು ನಿಂತು, ಬಿಲ್ಲೆ ಎತ್ತಿ ಸಾಹುಕಾರನ ಮುಂದೆ ನೆಲಕ್ಕೆ ಇಟ್ಟಳು.

"ತಕಣಿ. ಭಿಕ್ಷೆ ನಂಗೆ ಬ್ಯಾಡ. ಚಾಪೆ ಕೊಡೂದಿಲ್ಲ."

ಸುತ್ತಿ ಕಂಕುಳಿಗೆ ಇಟ್ಟುಕೊಂಡು ತಿರುಗಿದಳು. ಕೃಷ್ಣಾನಂದಯ್ಯನ ಬೆತ್ತ ಬೆನ್ನಿಗೆ ಬಿತ್ತು. "ರಂಡೆ! ಯಾರ ಎದುರು ಮಾತಾಡ್ತೆ? ಹಲ್ಕಟ್ ಮುಂಡೆ!" ಮತ್ತೊಂದು ಬಿತ್ತು. ಮೂರನೆಯದನ್ನು ಹಿಂದಕ್ಕೆಳೆಯುವಾಗ ಬೆತ್ತದ ಸಿಬಿರು ಸೀರೆಗೆ ಸಿಕ್ಕಿ, ಹಳೇ ನೂಲು ಪರ್ರನೆ ಸೊಂಟದಿಂದ ಕಾಲ ತನಕ ಸೀಳಿಹೋಯಿತು. ದುರ್ಗಿ ಹರಿದ ತುದಿಯನ್ನು ಒಂದು ಕೈಯಲ್ಲಿ, ಚಾಪೆಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಡೆದುಹೋದಳು. ನಾನು ಕೂತಲ್ಲೇ ಕೂತಿದ್ದೆ. ಆ ನಾಚಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಸಂಜೆ ಕೃಷ್ಣಾನಂದಯ್ಯನ ಆಳು ವೆಂಕಟ ಕೇರಿಗೆ ಬಂದು ದುರ್ಗಿಯ ಗುಡಿಸಲಿನ ಮುಂದೆ ನಿಂತು ಹೇಳಿ ಹೋದ: ಚಾಪೆಯನ್ನು ನಾಳೆ ದಣಿಗಳ ಅಂಗಳದಲ್ಲಿ ಇಟ್ಟು ತಪ್ಪಾಯಿತು ಅನ್ನಬೇಕು, ಇಲ್ಲದಿದ್ದರೆ ಗುಡಿಸಲು ಕೀಳಬೇಕು.

ಮರುದಿನ ಬಸ್ಸಿನ ಹೊತ್ತಿಗೆ ನಾನು ಬುಟ್ಟಿ ಹಿಡಿದು ಕಡವಿಗೆ ಹೋದೆ. ಕಲ್ಲಿನಾಚೆ ದುರ್ಗಿ ಇರಲಿಲ್ಲ. ಈಚೆ, ಬಸ್ಸಿನಿಂದ ಇಳಿದವರು ದೋಣಿಗೆ ಹೋಗುವ ದಾರಿಯ ನಡುಮಧ್ಯೆ, ಬಿಸಿಲಿನಲ್ಲಿ ಕೂತಿದ್ದಳು. ಹರಿದ ಸೀರೆಗೆ ಬಾಳೆನಾರಿನ ಹೊಲಿಗೆ ಹಾಕಿ ಉಟ್ಟಿದ್ದಳು. ಅವಳ ಪಕ್ಕದಲ್ಲಿ ತಿಮ್ಮಿ ನಿಂತಿದ್ದಳು. ಕಂಕುಳಿನಿಂದ ಮೊಣಕಾಲಿನ ತನಕ ಅದೇ ಚಾಪೆಯನ್ನು ಎರಡು ಸುತ್ತು ಸುತ್ತಿ, ತೆಂಗಿನ ಹುರಿಯಿಂದ ಎರಡು ಕಡೆ ಬಿಗಿದುಕೊಂಡಿದ್ದಳು. ನಾಲ್ಕು ತಿಂಗಳು ಕತ್ತಲಲ್ಲಿದ್ದವಳಿಗೆ ಬಿಸಿಲು ಕಣ್ಣಿಗೆ ಹೊಡೆದು ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಬಸ್ಸು ಬಂದು ನಿಂತಿತು. ಮೊದಲು ಇಳಿದವರು ಅಲ್ಲೇ ನಿಂತರು, ಹಿಂದಿನವರು ಬಾಗಿಲಲ್ಲೇ ಉಳಿದರು. ಮೈಲಿಗೆಯಾಗದೆ ದಾಟಿ ಹೋಗಲು ಯಾರಿಗೂ ಜಾಗ ಇರಲಿಲ್ಲ. ಕೃಷ್ಣಾನಂದಯ್ಯ ಬೆತ್ತ ಬೀಸುತ್ತ ಓಡಿ ಬಂದ.

"ಚಾಪೆ ನನ್ನ ಅಂಗಳಕ್ಕೆ ತರ್ಬೇಕು ಅಂದಿದ್ದೆ! ಯಾರಪ್ಪನ ದಾರಿ ಇದು? ಎಂತ ಮಾನಗೆಟ್ಟ ಆಟ ಇದು?"

ನಾನು ಬುಟ್ಟಿ ಎತ್ತಿಕೊಂಡೆ. ಕಲ್ಲು ದಾಟಿ ಹೋಗಿ ದುರ್ಗಿಯ ಮಗ್ಗುಲಲ್ಲಿ ಕೂತೆ. ಅವಳು ನನ್ನ ಕಡೆ ನೋಡಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟಳು.

ಮಾತಾಡಿದ್ದು ತಿಮ್ಮಿ. ಆ ಹುಡುಗಿಯ ಗಂಟಲು ಅಷ್ಟು ದೊಡ್ಡದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಐದ್ ರೂಪಾಯಿ ಒಡ್ಯಾ. ಕಮ್ಮಿಗೆ ಬೇಕಾದ್ರೆ ಬನ್ನಿ, ಇಲ್ಲೇ ನಿಂತಿದ್ದೆ. ನಿಮ್ಮ ಕೈಯಾರೆ ನನ್ನ ಮುಟ್ಟಿ ಬಿಚ್ಕಂಡು ಹೋಗಿ."

ಕೃಷ್ಣಾನಂದಯ್ಯ ಎತ್ತಿದ ಬೆತ್ತ ಹಾಗೇ ಇತ್ತು. ಬಸ್ಸಿನವರೆಲ್ಲ ಅವನನ್ನೇ ನೋಡುತ್ತಿದ್ದರು.