ಸೊಂಟದ ಮೂಳೆ ಮತ್ತು ಬುರುಲ್ಚಾಳ ಸ್ಟ್ಯಾಕ್

ಈ ಮುದುಕನ ನೆನಪಿಗೆ ತುಕ್ಕು ಹಿಡಿದಿದೆ ಎಂದು ಹೋದ ಸಲದ ಧ್ವನಿ ಸಂದೇಶಕ್ಕೆ ನಕ್ಕಿರಲ್ಲ, ನಿಮಗೆ ನಿನ್ನೆ ಉಂಡದ್ದೇ ನೆನಪಿರುವುದಿಲ್ಲ! ಬಾಯಿ ಮುಚ್ಚಿಕೊಂಡು ಕೇಳಿ. ನಾರಿನ್ ಊರಿನ ಕಾಲಿಪಾಳ ಮನೆಯಲ್ಲಿ ಅಂದು ನಾನೂ ಉಂಡವನೇ.

ಮೊಮ್ಮಗ ಮೊದಲ ಹೆಜ್ಜೆ ಇಟ್ಟನೆಂದು ಔತಣ. ಕುರಿ ಬೆಂದಿದೆ, ಆದರೆ ಯಾರಿಗೆ ಯಾವ ಮೂಳೆ ಎಂದು ಹಂಚುವ ಅವಳ ಮೈದುನ ಊರಲ್ಲಿಲ್ಲ. ಸೊಂಟದ ಮೂಳೆ ಎಲ್ಲರಿಗಿಂತ ಹಿರಿಯನ ಮುಂದೆ ಬೀಳದಿದ್ದರೆ ಆ ಮನೆಯ ಮಾನ ಕಣಿವೆ ದಾಟಿ ಹೋಗುತ್ತದೆ.

ಸೊಸೆ ಬುರುಲ್ಚಾ ಫೋನಿನಲ್ಲಿ ಪಾಠ ನೋಡಿ ತನ್ನಷ್ಟಕ್ಕೆ ತಾನೇ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದಳು. "ನನ್ ಫೋನ್ ಹೇಳುತ್ತೆ ಬಿಡಿ, ಅಪಾ," ಎಂದಳು ಅತ್ತೆಗೆ.

"ಹೇಳ್ಲಿ. ತಪ್ಪಿತೋ, ನಿನ್ ಪಾಠಕ್ಕೆ ಅವತ್ತೇ ಮಂಗಳ. ಚಳಿಗಾಲ ಪೂರ್ತಿ ನನ್ ಪಕ್ಕ ಕೂತು ಕಂಬಳಿ ಹೊಲಿ," ಎಂದಳು ಕಾಲಿಪಾ.

ಬುರುಲ್ಚಾಳಿಗೆ ಅದುವರೆಗೆ ಬಂದದ್ದು ಸ್ಟ್ಯಾಕ್ ಒಂದೇ. ರೊಟ್ಟಿ ಪೇರಿಸಿದ ಹಾಗೆ; ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಅವಳ ಲೆಕ್ಕ ಸರಳ. ನಮ್ಮಲ್ಲಿ ಕಿರಿಯರು ಬೆಳಿಗ್ಗೆಯೇ ಬಂದು ಕಟ್ಟಿಗೆ ಒಡೆಯಬೇಕು, ಹಿರಿಯರು ಎಲ್ಲ ಸಿದ್ಧವಾದ ಮೇಲೆ ಗಡ್ಡ ಸವರುತ್ತ ಬರುತ್ತಾರೆ. ಅಂದ ಮೇಲೆ ಕೊನೆಗೆ ಬಂದವನೇ ಹಿರಿಯ! ಬಾಗಿಲಲ್ಲಿ ನಿಂತು ಬಂದಬಂದವರ ಹೆಸರು ಪೇರಿಸಿದಳು. ಕಟ್ಟಕಡೆಗೆ ತೊಂಬತ್ತು ದಾಟಿದ ಸಾತಿಬಾಲ್ದಿ ಅಜ್ಜ ಬಂದ. ಅವಳಿಗೆ ಜೀವ ಬಂದಂತಾಯಿತು.

ಅಜ್ಜನನ್ನು ಕರೆತಂದ ಡ್ರೈವರ್ ಏಲ್ದಿಯಾರ್, ಮೀಸೆ ಕೂಡ ಸರಿಯಾಗಿ ಮೂಡದವನು, ಕಾರು ನಿಲ್ಲಿಸಿ ಆಮೇಲೆ ಬಂದ. ಅಡುಗೆಮನೆಗೆ ಓಡುವ ಅವಸರದಲ್ಲಿ ಅವನ ಹೆಸರನ್ನೂ ಎಲ್ಲದರ ಮೇಲೆ ಒತ್ತಿಬಿಟ್ಟಳು.

ಫೋನ್ ಹೇಳಿದಂತೆ ತಟ್ಟೆಗಳು ಹೋದವು. ಸೊಂಟದ ಮೂಳೆ ಏಲ್ದಿಯಾರನ ಮುಂದೆ ಕೂತಿತು. ಕಾಲಿಪಾ ಸೊಸೆಯನ್ನು ನೋಡಿದ ನೋಟಕ್ಕೆ ಆರಿದ ಸಾರು ಮತ್ತೆ ಕುದಿಯಬೇಕು.

"ಅಯ್ಯೋ, ನಾನು ಸ್ಟೇರಿಂಗ್ ಹಿಡಿದೋನು ಅಷ್ಟೇ!" ಎಂದು ಏಲ್ದಿಯಾರ್ ತಟ್ಟೆಯನ್ನು ಪಕ್ಕದವನ ಕಡೆ ದೂಡಿದ. "ನೀವು ದೊಡ್ಡಣ್ಣ, ತಗೊಳ್ಳಿ ಬಾಯ್ಕೆ."

"ನನಗ್ಯಾಕೋ? ಇವನನ್ನ ನೋಡು, ನನಗಿಂತ ಮೊದ್ಲೇ ಹಲ್ಲು ಉದುರಿಸ್ಕೊಂಡೋನು!"

"ಹಲ್ಲು ಬೀಳ್ಸಿದ್ದು ನನ್ ಕುದುರೆ ಕಣೋ, ವಯಸ್ಸಲ್ಲ!" ಎಂದು ಗೊಣಗಿದರೂ ಆ ಬೊಚ್ಚುಬಾಯಿಯವನು ತನಗಿಂತ ಹಿರಿಯ ಪಕ್ಕದವನಿಗೆ ಕೊಟ್ಟು ಅವನ ತಟ್ಟೆ ಎಳೆದುಕೊಂಡ. ಹೀಗೆ ಇಬ್ಬಿಬ್ಬರ ನಡುವೆ ಅದಲುಬದಲಾಗುತ್ತ ಮೂಳೆ ಅಜ್ಜನ ಮುಂದೆ ಹೋಗಿ ನಿಂತಿತು.

ಅಜ್ಜ ಗಡ್ಡ ಅಲ್ಲಾಡಿಸಿ ನಕ್ಕ. "ಒಬ್ನು ಕೊಟ್ಟದ್ದು ಎಷ್ಟೋ ತಿಂದಿದ್ದೀನಿ. ಊರೇ ಹೊತ್ಕೊಂಡು ಬಂದು ಕೊಟ್ಟದ್ದು ಇವತ್ತೇ! ಯಾರ ಸೊಸೆಯಮ್ಮಾ ಇವ್ಳು?"

"ನನ್ನವ್ಳೇ!" ಎಂದು ಕಾಲಿಪಾ ಎಲ್ಲರಿಗಿಂತ ಮೊದಲು ಕೂಗಿದಳು.

ಬುರುಲ್ಚಾ ಆಗಲೇ ಮೂಲೆಯಲ್ಲಿ ಕೂತು ಪ್ರೋಗ್ರಾಂ ತಿದ್ದುತ್ತಿದ್ದಳು: ಅಕ್ಕಪಕ್ಕದವರ ವಯಸ್ಸು ನೋಡು, ಹಿರಿಯನನ್ನು ಒಂದು ಜಾಗ ಮೇಲಕ್ಕೆ ದಾಟಿಸು.

"ಪಾಠ ಮುಂದುವರ್ಸಲಾ, ಅಪಾ?"

"ಹೂಂ. ಆದ್ರೆ ಎಲ್ರ ವಯಸ್ಸೂ ಹೇಳ್ಬೇಕಾ ಅದಕ್ಕೆ?"

"ನಿಮ್ದೂ ಬೇಕು."

"ನಂದು ಐದು ವರ್ಷ ಕಮ್ಮಿ ಬರ್ಕೋ."

"ಆಗ ಒಳ್ಳೇ ಮೂಳೆ ನಿಮ್ ವಾರಗಿತ್ತಿಗೆ ಹೋಗುತ್ತೆ."

"ಹಂಗಾದ್ರೆ ಹತ್ತು ಜಾಸ್ತಿ ಹಾಕೇ!"

ನಾಲ್ಕು ಜನಕ್ಕೆ ಇದನ್ನು ಕಳಿಸಿ. ಕಾಲಿಪಾಳ ವಾರಗಿತ್ತಿಗೆ ಮಾತ್ರ ಬೇಡ.