ಬಿಲ್ಲೆಯ ಕೂಲಿ

ಮೈಲಾರವ್ವನ ಮನೆಯ ಜೋಳದ ಡಬ್ಬಿ ಅಲುಗಿಸಿದರೆ ಗಲಗಲ ಅನ್ನುತ್ತಿತ್ತು. ಒಳಗೆ ಒಂದು ಕಾಳೂ ಇರಲಿಲ್ಲ. ಇದ್ದದ್ದೆಲ್ಲ ಬಿಲ್ಲೆ. ತಗಡಿನವು, ನಡುವೆ ತೂತು, ಮೇಲೆ ‘ಈ’ ಅಂತ ಅಕ್ಷರ ಒತ್ತಿದ್ದು. ‘ಈ’ ಅಂದರೆ ಈರಬಸಪ್ಪಗೌಡರು. ಕಲಘಟಗಿ ಬದಿಯ ತಂಬೂರಿನ ಆಚೆ, ಕಾಡಿನ ಅಂಚಿಗಿದ್ದ ಆ ಊರಿನಲ್ಲಿ ಕಬ್ಬಿನ ಹೊಲಗಳು ಅವರವೇ, ಸರಾಯಿ ಅಂಗಡಿಯ ಗುತ್ತಿಗೆಯೂ ಅವರದೇ. ಕಬ್ಬು ಕಡಿದ ಗಂಡಸರಿಗೆ ಸಂಜೆ ಕೈಯಲ್ಲಿ ಬಿಲ್ಲೆ ಇಡುತ್ತಿದ್ದರು. ಅಂಗಡಿಗೆ ಒಂದು ಬಿಲ್ಲೆ ಕೊಟ್ಟರೆ ಒಂದು ಗ್ಲಾಸು ಸರಾಯಿ. ಬೇರೆಲ್ಲಿ ಕೊಟ್ಟರೂ ಅದು ಬರೀ ತಗಡು. ಹೆಂಗಸರ ಕೂಲಿ ಮಾತ್ರ ಕಾಳು, ಅದೂ ಉಡಿಯ ಮೂಲೆ ತುಂಬುವಷ್ಟು. ಅದರಲ್ಲೇ ಒಲೆ ಹೊತ್ತಬೇಕು.

ಹೀಗೆ ಊರಿನ ದುಡಿಮೆ ಹೊಲದಿಂದ ಹೊರಟು, ಗಂಟಲಲ್ಲಿ ಇಳಿದು, ಮತ್ತೆ ಗೌಡರ ಅಂಗಡಿಯ ಹಣದ ಗಲ್ಲೆಗೇ ಬಂದು ಬೀಳುತ್ತಿತ್ತು. ಇದಕ್ಕೆ ಯಾರೂ ತಕರಾರು ಮಾಡಿರಲಿಲ್ಲ. ತಕರಾರು ಮಾಡಬೇಕಾದ ಹೊತ್ತಿಗೆ ಅವರು ನೆಟ್ಟಗೆ ನಿಂತಿರುತ್ತಿರಲಿಲ್ಲ.

ಎಡವಟ್ಟು ಮಾಡಿದವನು ಮೈಲಾರವ್ವನ ಗಂಡ ಹುಲಿಗೆಪ್ಪ. ಸೀಗಿ ಹುಣ್ಣಿಮೆಯ ಮುಂದೆ ಯಮನೂರಿಗೆ ಹೋಗಿ, ದರ್ಗಾದ ಹೊಸ್ತಿಲು ಮುಟ್ಟಿ, ಇನ್ನು ಕುಡಿಯುವುದಿಲ್ಲ ಅಂತ ಆಣೆ ಮಾಡಿ ಬಂದ. ಊರಿಗೆ ಬಂದ ಮೇಲೂ ಕುಡಿಯಲಿಲ್ಲ, ಎಡವಟ್ಟು ಅದೇ. ಮೊದಲ ಎಂಟು ದಿನ ಚಳಿಜ್ವರ ಬಂದವನಂತೆ ನಡುಗಿದ. ಗೋಡೆಯ ಮೇಲೆ ಇಲ್ಲದ ಹಾವು ಕಂಡ. ಮೈಲಾರವ್ವ ಕಂಬಳಿ ಹೊದಿಸಿ, ಶುಂಠಿ ಕುದಿಸಿ ಕುಡಿಸಿ, ಬೈದು, ಅತ್ತು, ಮತ್ತೆ ಬೈದು ಅವನನ್ನು ಉಳಿಸಿಕೊಂಡಳು. ಕಬ್ಬಿನ ಕೆಲಸ ಶುರುವಾಯಿತು. ಬಿಲ್ಲೆ ಬಂದವು. ಡಬ್ಬಿಯಲ್ಲಿ ಬಿದ್ದವು. ಅಲ್ಲೇ ಉಳಿದವು.

ಒಂದು ದಿನ ಹುಲಿಗೆಪ್ಪ ಡಬ್ಬಿ ಹೊತ್ತು ಗೌಡರ ಕಟ್ಟೆಗೆ ಹೋದ.

“ಗೌಡ್ರ, ನಾ ಕುಡ್ಯೂದು ಬಿಟ್ಟೇನ್ರಿ. ಇವಕ್ಕ ಜ್ವಾಳ ಕೊಡ್ರಿ.”

“ಬಿಟ್ಟಿ? ಯಾರನ್ನ ಕೇಳಿ ಬಿಟ್ಟಿ?”

“ನನ್ನ ಹೇಂತೀನ ಕೇಳಿರಿ.”

ಕಟ್ಟೆಯ ಮೇಲೆ ಕೂತವರು ನಕ್ಕರು. ಗೌಡರೂ ನಕ್ಕರು. “ಬಿಲ್ಲೆಗೆ ಸರಾಯಿ, ಅದು ಮದಲಿಂದ ಬಂದ ರೀತಿ. ನಿನಗ ಬ್ಯಾಡಂದ್ರ ತಗೊಂಡು ಮಂದಿಗೆ ಮಾರ್ಕೊ.”

“ಪೋಲೀಸ್ರು ಹಿಡೀತಾರಲ್ರಿ.”

“ಹಿಡೀಲೇಬೇಕಲಾ. ಲೈಸೆನ್ಸ್ ಇಲ್ದ ಸರಾಯಿ ಮಾರೂದು ಭಾಳ ಕೆಟ್ಟ ಚಟ ತಮ್ಮಾ.”

ಮರುದಿನದಿಂದ ಹುಲಿಗೆಪ್ಪನಿಗೆ ಕೆಲಸವಿಲ್ಲ. ಆದರೆ ಆ ವಾರ ಇನ್ನಿಬ್ಬರು ಬಿಲ್ಲೆಯ ಬದಲು ಕಾಳು ಕೇಳಿದರು. ಗೌಡರಿಗೆ ಯೋಚನೆ ಹತ್ತಿತು.

ಅಷ್ಟರಲ್ಲಿ ಸರಕಾರವೇ ಅವರ ಕೈಹಿಡಿಯಲು ಬಂತು. ಎಪ್ಪತ್ತಾರನೆಯ ಇಸವಿ, ತುರ್ತುಪರಿಸ್ಥಿತಿಯ ಕಾಲ. ಆ ವರ್ಷ ಸರಕಾರಕ್ಕೆ ಎಲ್ಲದರಲ್ಲೂ ಅಂಕಿ ಬೇಕಾಗಿತ್ತು. ಧಾರವಾಡದಿಂದ ಪ್ರಭಂಜನ ಅನ್ನುವ ಸಾಹೇಬರು ಒಂದು ಟ್ರಂಕಿನ ತುಂಬ ಫಾರಂ ತಂದು, ಕನ್ನಡ ಸಾಲಿಯ ಕೋಣೆಯಲ್ಲಿ ‘ಕುಡುಕರ ಸುಧಾರಣಾ ಶಿಬಿರ’ ಅಂತ ಬರೆದ ಬಟ್ಟೆ ಕಟ್ಟಿಸಿದರು. ಏಳು ದಿನದಲ್ಲಿ ಇಪ್ಪತ್ತೊಂದು ಮಂದಿ ಸುಧಾರಿಸಬೇಕು. ಅಧ್ಯಕ್ಷರು ಈರಬಸಪ್ಪಗೌಡರು. ಕುಡಿತದ ವಿಷಯದಲ್ಲಿ ಆ ಊರಿನಲ್ಲಿ ಅವರಷ್ಟು ಅನುಭವ ಇನ್ಯಾರಿಗಿತ್ತು?

ಒಂದೇ ತೊಡಕು. ಗಾಣ ನಡೆದಿತ್ತು. ಕುಡಿಯುವವರೆಲ್ಲ ಕಬ್ಬು ಕಡಿಯುತ್ತಿದ್ದರು. ಅವರನ್ನು ಸುಧಾರಿಸಲು ಕಳಿಸಿದರೆ ಬೆಲ್ಲ ಮಾಡುವವರಾರು? ಗೌಡರು ಕೆಲಸಕ್ಕೆ ಬಾರದವರನ್ನೆಲ್ಲ ಹುಡುಕಿ ಪಟ್ಟಿ ಬರೆಸಿದರು. ಮೊದಲ ಹೆಸರು ಹುಲಿಗೆಪ್ಪನದು. ಎರಡನೆಯದು ಹಲ್ಲಿಲ್ಲದ ಹಜರತಅಲಿಯದು. ಆ ಮುದುಕ ಜನ್ಮದಲ್ಲಿ ಸರಾಯಿಯ ಬಾಟಲಿ ತೊಳೆದವನೂ ಅಲ್ಲ.

“ಹುಲಿಗೆಪ್ಪಾ, ಇದು ಮಕ್ಕಳಾಗದ ಆಪರೇಶನ್ನಿನ ಪಟ್ಟಿ ಅಲ್ಲ ಹೌದಲ್ಲೋ?” ಅಂತ ಕೇಳಿದ ಹಜರತಅಲಿ.

“ಅಲ್ಲ ಕಾಕಾ. ಕುಡುಕರದು.”

“ಹಂಗಾರ ಚಲೋ ಆತು. ಈ ವಯಸ್ಸಿನಾಗ ಕುಡುಕ ಅನಿಸ್ಕೊಂಡ್ರ ನಂದೇನ್ ಹೋಗ್ತೈತಿ. ಊಟಕ್ಕೇನ್ ಕೊಡ್ತಾರಂತ?”

ಊಟಕ್ಕೆ ಅನ್ನ, ಸಾರು ಕೊಟ್ಟರು. ಮುಂಜಾನೆ ಕಹಿ ಕಷಾಯ, ಸಂಜೆ ಭಜನೆ. ಭಜನೆ ಮುಗಿದ ಮೇಲೆ ಕುಡಿತದಿಂದ ಆಗುವ ಹಾನಿಯ ಬಗ್ಗೆ ಗೌಡರ ಭಾಷಣ. ಭಾಷಣ ಮುಗಿಸಿ ಗೌಡರು ನೆಟ್ಟಗೆ ಅಂಗಡಿಗೆ ಹೋಗಿ ಗಲ್ಲೆ ನೋಡುತ್ತಿದ್ದರು.

ಹುಲಿಗೆಪ್ಪ ಸಾಹೇಬರ ಮುಂದೆ ಕೈಕಟ್ಟಿ ನಿಂತ. “ಸಾಹೇಬ್ರ, ನಾ ಬಿಟ್ಟು ನಾಕ ತಿಂಗಳಾತ್ರಿ.”

ಪ್ರಭಂಜನ ಕೆಟ್ಟವರಲ್ಲ. ಫಾರಂ ಮೇಲೆ ಕೆಳಗೆ ಮಾಡಿ ನೋಡಿದರು. “ಅದು ಹ್ಯಾಂಗ ಆಗ್ತದಪಾ? ಔಷಧ ಕೊಡೋಕಿಂತ ಮೊದಲ ಗುಣ ಆದ್ರ ನಾ ಯಾವ ಕಾಲಂದಾಗ ಬರೀಲಿ?”

ಏಳನೆಯ ದಿನ ಫೋಟೋ ಅಂತ ಆಯಿತು. ಒಬ್ಬ ಕುಡುಕನ ಎರಡು ಫೋಟೋ ಬೇಕು: ಔಷಧಕ್ಕೆ ಮೊದಲಿನದು, ಆಮೇಲಿನದು. ಮೊದಲಿನದರಲ್ಲಿ ಕೈಯಲ್ಲಿ ಗ್ಲಾಸು, ಕೆದರಿದ ತಲೆ. ಆಮೇಲಿನದರಲ್ಲಿ ಹೊಸ ರುಮಾಲು, ಬಾಜುಕ್ಕೆ ಗೌಡರು. ಗೌಡರು ಹುಲಿಗೆಪ್ಪನನ್ನೇ ಆರಿಸಿದರು.

“ಕುಡಕೋಂತ ಫೋಟೋಕ್ಕ ನಿಲ್ಲು. ಒಂದ ಗ್ಲಾಸು. ನಿನ್ನ ಡಬ್ಬಿ ತುಂಬ ಜ್ವಾಳ ಹಾಕಸ್ತೀನಿ.”

ಈ ಮಾತು ಕಬ್ಬಿನ ಹೊಲದಲ್ಲಿದ್ದ ಮೈಲಾರವ್ವನಿಗೆ ನೆರೆಮನೆಯ ರೇವವ್ವನಿಂದ ಮುಟ್ಟಿತು.

“ಒಂದ ಗ್ಲಾಸಿಗೆ ಡಬ್ಬಿ ತುಂಬ ಜ್ವಾಳ ಅಂತ. ನಿನ್ನ ನಸೀಬ ತೆರೀತು ಬೇ,” ಅಂದಳು ರೇವವ್ವ.

“ಆ ಒಂದ ಗ್ಲಾಸಿನ ಹಿಂದ ಎಷ್ಟ ಬರ್ತಾವಂತ ಗೌಡಗ ಗೊತ್ತೈತಿ. ನನಗೂ ಗೊತ್ತೈತಿ.”

“ಮತ್ತ ಹೊಟ್ಟಿಗೇನ್ ಹಾಕ್ತಿ?”

ಮೈಲಾರವ್ವ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಮನೆಗೆ ಬಂದವಳೇ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ, ಸುತಳಿ ದಾರದ ಉಂಡೆ ಹುಡುಕಿದಳು.

ಸಾಲಿಯ ಅಂಗಳದಲ್ಲಿ ಊರು ನೆರೆದಿತ್ತು. ಕಲಘಟಗಿಯಿಂದ ಬಂದ ಫೋಟೋದ ಪಂಢರಿನಾಥ ಕ್ಯಾಮರಾ ನಿಲ್ಲಿಸಿದ. ಅಂಗಡಿಯಿಂದ ತುಂಬಿದ ಗ್ಲಾಸು ಬಂತು.

“ನೀರು ಹಾಕಿದ್ರೂ ನಡೀತದರಿ ಗೌಡ್ರ. ಫೋಟೋದಾಗ ಎರಡೂ ಒಂದ ಥರಾ ಕಾಣ್ತಾವ,” ಅಂದ ಪಂಢರಿನಾಥ.

“ಛೆ, ಛೆ. ಸರಕಾರಕ್ಕ ಸುಳ್ಳು ಹೇಳಬಾರದು,” ಅಂದರು ಗೌಡರು.

ಹುಲಿಗೆಪ್ಪನ ಕೈಗೆ ಗ್ಲಾಸು ಬಂತು. ವಾಸನೆ ಮೂಗಿಗೆ ಹತ್ತಿತು. ಅವನು ಹೆಂಡತಿಯ ಕಡೆ ನೋಡಲಿಲ್ಲ, ಗ್ಲಾಸಿನ ಕಡೆ ನೋಡಿದ. ಅವನ ಗಂಟಲ ಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿದದ್ದನ್ನು ಮೈಲಾರವ್ವ ಕಂಡಳು. ಆ ಎಂಟು ದಿನದ ಕಂಬಳಿ, ಶುಂಠಿ, ಗೋಡೆಯ ಹಾವು ಎಲ್ಲ ಆ ಗಂಟಲಲ್ಲಿ ನಿಂತಿದ್ದವು. ಸೆರಗಿನಲ್ಲಿ ಮುಚ್ಚಿಕೊಂಡ ಗಂಟು ಹಿಡಿದು ಅವಳು ಮುಂದೆ ಬಂದಳು.

“ಸಾಹೇಬ್ರ, ಅಧ್ಯಕ್ಷರಿಗೆ ಮಾಲಿ ಇಲ್ದ ಹೆಂಗ್ರಿ ಫೋಟೋ? ಮದಲ ಮಾಲಿ ಹಾಕೂನ್ರಿ.”

ಮಾಲೆ ಅಂದ ಕೂಡಲೇ ಗೌಡರು ಕೊರಳು ಬಗ್ಗಿಸಿದರು. ಮೂವತ್ತು ವರ್ಷ ಮಾಲೆ ಹಾಕಿಸಿಕೊಂಡ ಕೊರಳು. ಏನು ಮಾಲೆ ಅಂತ ಕಣ್ಣು ನೋಡುವುದರೊಳಗೆ ತಾನಾಗಿ ಬಗ್ಗಿತು. ಮೈಲಾರವ್ವ ಹಾಕಿದಳು. ಗಲಗಲ ಅಂತು. ಬಿಲ್ಲೆಯ ಮಾಲೆ, ಮೂರು ಎಳೆಯದು, ಮೊಣಕಾಲಿನ ತನಕ. ಗೌಡರು ತಲೆ ಎತ್ತಲು ಹೋದರೆ ಭಾರ ಜಗ್ಗಿತು. ತೆಗೆಯಲು ಹೋದರೆ ಸುತಳಿ ರುಮಾಲಿಗೆ ಸಿಕ್ಕಿತು.

“ಇದೇನವಾ ಇದು?” ಅಂದರು ಪ್ರಭಂಜನ.

“ನನ್ನ ಗಂಡನ ಕೂಲಿರಿ. ಇಷ್ಟು ದಿನ ಕಬ್ಬು ಕಡದದ್ದು. ಗೌಡ್ರು ಕೊಟ್ಟಿದ್ದು, ಗೌಡ್ರಿಗೆ ಮುಟ್ಟಿಸೇನಿ.”

ಹಿಂದೆ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಹುಲಿಗೆಪ್ಪನಿಗೆ ಆಗ ಮೈಮೇಲೆ ಎಚ್ಚರ ಬಂದಂತಾಯಿತು. ಎರಡು ಹೆಜ್ಜೆ ಮುಂದೆ ಹೋಗಿ ಗ್ಲಾಸನ್ನು ಗೌಡರ ಕೈಯಲ್ಲಿಟ್ಟ.

“ತಗೋರಿ ಗೌಡ್ರ. ಬಿಲ್ಲೆ ಯಾರ ಕಡೆ ಅದಾವು ಸರಾಯಿ ಅವರಿಗೆ. ಮದಲಿಂದ ಬಂದ ರೀತಿ.”

ಗೌಡರ ಕೆದರಿದ ರುಮಾಲು, ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಗ್ಲಾಸು. ಪಂಢರಿನಾಥನ ಬೆರಳು ತಡೆಯಲಿಲ್ಲ. ಕ್ಯಾಮರಾ ಟಕ್ ಅಂತು.

“ಮದಲಿನ ಫೋಟೋ ಬರೋಬರಿ ಬಂತು ನೋಡ್ರಿ,” ಅಂದ ಹಜರತಅಲಿ. “ಇನ್ನ ಗೌಡ್ರಿಗೆ ಔಷಧ ಕೊಡ್ರಿ.”

ಅಂಗಳ ಹೊಟ್ಟೆ ಹಿಡಿದು ನಕ್ಕಿತು.

ಸಾಹೇಬರು ನಗಲಿಲ್ಲ. ಮಾಲೆಯನ್ನು ನೋಡಿದರು, ಫಾರಂ ನೋಡಿದರು, ಪೆನ್ನಿನ ಟೊಪ್ಪಿಗೆ ಹಾಕಿದರು. “ಕೂಲಿ ವಿಷಯ ನಮ್ಮ ಖಾತೆಗೆ ಬರೂದಿಲ್ಲವಾ,” ಅಂದರು ಮೆಲ್ಲಗೆ. ಆ ದಿನ ಧಾರವಾಡಕ್ಕೆ ಹೋದ ವರದಿಯಲ್ಲಿ ಇಪ್ಪತ್ತು ಮಂದಿ ಪೂರ್ತಿ ಗುಣವಾಗಿದ್ದರು. ಹಜರತಅಲಿಯದು ಅವರಲ್ಲೇ ಅತಿ ಹಳೆಯ ಚಟ, ಅವನಿಗೆ ವಿಶೇಷ ಪ್ರಶಂಸಾಪತ್ರ. ಇಪ್ಪತ್ತೊಂದನೆಯವನ ಮುಂದೆ ಮಾತ್ರ ಹೀಗೆ ಬರೆದಿತ್ತು: ಹುಲಿಗೆಪ್ಪ, ಚಿಕಿತ್ಸೆಗೆ ಸಹಕರಿಸಲಿಲ್ಲ, ಕುಡುಕನಾಗಿಯೇ ಉಳಿದಿದ್ದಾನೆ.

ಸಂಜೆ ಮೈಲಾರವ್ವ ಒಲೆಯ ಮುಂದೆ ಕೂತಿದ್ದಳು. ಡಬ್ಬಿ ಈಗ ಅಲುಗಿಸಿದರೂ ಸಪ್ಪಳವಿಲ್ಲ. ಹುಲಿಗೆಪ್ಪ ಗೋಡೆಗೆ ಒರಗಿ, ಗ್ಲಾಸು ಹಿಡಿದ ಕೈಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ.

ಬಾಗಿಲಲ್ಲಿ ಗಲಗಲ ಅಂತು. ರೇವವ್ವ ನಿಂತಿದ್ದಳು. ಬಿಲ್ಲೆ ಅಂಗಡಿ ಸೇರುವ ಮೊದಲೇ ಗಂಡನ ಅಂಗಿಯ ಕಿಸೆಯನ್ನು ಅಂಗಿಯ ಸಮೇತ ಹೊತ್ತು ತಂದಿದ್ದಳು. ಅವಳ ಹಿಂದೆ ಓಣಿಯ ಉದ್ದಕ್ಕೂ ಹೆಂಗಸರು. ಒಬ್ಬೊಬ್ಬರ ಉಡಿಯಲ್ಲೂ ಅದೇ ಸಪ್ಪಳ.

“ಸುತಳಿ ಉಳದೈತೇನ ಬೇ, ಮೈಲಾರೀ?” ಅಂದಳು ರೇವವ್ವ.